ಬೆಳಕಿಂಡಿಯ ಕೆಳಗೆ ಕುಳಿತ ಅತ್ತೆ

ಬೆಳಕು ಬಿದ್ದಲ್ಲಿ ಮನುಷ್ಯನನ್ನು ಕೂಡ್ರಿಸಬೇಕು, ಫೋನು ಹಿಡಿದು ಗುಂಡಿ ಒತ್ತಬೇಕು. ಭಾವಚಿತ್ರ ತೆಗೆಯುವುದೆಂದರೆ ಇಷ್ಟೇ ಎಂದು ನಾನು ಪ್ರಾಮಾಣಿಕವಾಗಿ ನಂಬಿದ್ದೆ. ನಾನು ಇಳಕಲ್ಲಿನ ಒಂದು ಕಲ್ಲು ಪಾಲಿಶ್ ಕಾರ್ಖಾನೆಯಲ್ಲಿ ಗುಮಾಸ್ತ. ದಿನವಿಡೀ ಕೆಂಪು ಗ್ರಾನೈಟ್ ಹಾಸುಗಳ ಉದ್ದ, ಅಗಲ, ದಪ್ಪ ಬರೆದುಕೊಳ್ಳುವವನು. ಕಲ್ಲನ್ನೇ ಅಳೆಯುವವನಿಗೆ ಮನುಷ್ಯನ ಮುಖ ಯಾವ ಮಹಾ ಎಂಬ ಧೈರ್ಯ ನನ್ನದು.

ಈ ಹುಚ್ಚು ಹಿಡಿಯಲು ಕಾರಣವಿತ್ತು. ನನ್ನ ಹೆಂಡತಿ ಗೌರಿ ತೀರಿಕೊಂಡು ಮೂರು ವರ್ಷವಾಗಿತ್ತು. ಕೊರೊನಾದ ಎರಡನೇ ಅಲೆಯಲ್ಲಿ ಬಾಗಲಕೋಟೆಯ ದವಾಖಾನೆಗೆ ಒಯ್ದೆ. ಎಂಟನೆಯ ದಿನ ಅಲ್ಲಿಂದಲೇ, ಬಟ್ಟೆ ಸುತ್ತಿದ ಹಾಗೆಯೇ ಮಣ್ಣಿಗೆ ಹೋದಳು. ನಮ್ಮಲ್ಲಿ ಸತ್ತವರನ್ನು ಮಲಗಿಸಿ ಕಳಿಸುವುದಿಲ್ಲ. ಮೈ ತೊಳೆದು, ಹಣೆಗೆ ವಿಭೂತಿ ಹಚ್ಚಿ, ಅಂಗೈಯಲ್ಲಿ ಲಿಂಗವಿಟ್ಟು, ಗೋಡೆಗೆ ಆನಿಸಿ ಕೂಡ್ರಿಸುತ್ತೇವೆ. ಹೆಂಗಸರು ಸುತ್ತ ಕುಳಿತು ಹಾಡಿಕೊಂಡು ಅಳುತ್ತಾರೆ. ಕೊನೆಯದೊಂದು ಫೋಟೋ ತೆಗೆಸುತ್ತಾರೆ. ಆಮೇಲೆ ಕುಳಿತ ಹಾಗೆಯೇ ಮಣ್ಣಿಗೆ ಇಳಿಸುತ್ತಾರೆ. ಗೌರಿಗೆ ಇದೊಂದೂ ಆಗಲಿಲ್ಲ. ಆಗ ಯಾರೂ ಯಾರ ಮನೆಗೂ ಬರುವಂತಿರಲಿಲ್ಲ. ಅದಕ್ಕೆ ಯಾರನ್ನೂ ದೂರಲಾರೆ.

ಗೋಡೆಗೆ ಹಾಕೋಣವೆಂದು ಅವಳ ಫೋಟೋ ಹುಡುಕಿದೆ. ನನ್ನ ಫೋನಿನಲ್ಲಿ ಗೌರಿಯ ಮೂವತ್ತೊಂದು ಫೋಟೋಗಳಿದ್ದವು. ಒಂದರಲ್ಲೂ ಗೌರಿ ಇರಲಿಲ್ಲ. ಬಾದಾಮಿಯ ಹೊಂಡದ ಮೆಟ್ಟಿಲ ಮೇಲೆ ಅವಳ ಬೆನ್ನಿತ್ತು. ಐಹೊಳೆಯಲ್ಲಿ ಪೂರ್ತಿ ಗುಡಿಯೂ ಅವಳ ಅರ್ಧ ಕಿವಿಯೂ ಇದ್ದವು. ಮದುವೆ ಮುಂಜಿವೆಗಳಲ್ಲಿ ಮುಖದ ಜಾಗದಲ್ಲಿ ಸೆರಗಿತ್ತು. ನಾನು ಫೋನು ಎತ್ತುವುದಕ್ಕೂ ಅವಳ ಸೆರಗು ಬಾಯಿಗೆ ಬರುವುದಕ್ಕೂ ಸರಿಹೋಗುತ್ತಿತ್ತು. ಇಪ್ಪತ್ತೆರಡು ವರ್ಷ ಸಂಸಾರ ಮಾಡಿದವನ ಬಳಿ ಹೆಂಡತಿಯ ಪೂರ್ತಿ ಮುಖವೆಂದು ಉಳಿದದ್ದು ರೇಷನ್ ಕಾರ್ಡಿನದು ಮಾತ್ರ. ಅದರಲ್ಲಿ ಅವಳು ಯಾರೋ ಗದರಿಸಿ ಕೂಡ್ರಿಸಿದ ಹಾಗೆ ಇದ್ದಾಳೆ.

ಆದರೆ ಗೌರಿಯ ಮುಖ ಇನ್ನೊಂದು ಕಡೆ ಉಳಿದಿತ್ತು. ಅವಳ ತಾಯಿ ನೀಲವ್ವನ ಮುಖದಲ್ಲಿ. ನೀಲವ್ವ ನನ್ನ ತಂದೆಯ ಒಡಹುಟ್ಟಿದ ತಂಗಿ. ಸೋದರತ್ತೆಯ ಮಗಳನ್ನೇ ನಾನು ಮದುವೆಯಾಗಿದ್ದು. ಮಗಳು ಹೋದ ಮೇಲೆ ಆಕೆ ಬಾದಾಮಿ ಬಿಟ್ಟು ನನ್ನ ಮನೆಗೆ ಬಂದಳು. ಬಂದಾಗಿನಿಂದ ಒಮ್ಮೆಯೂ ಅತ್ತಿರಲಿಲ್ಲ. ಗೌರಿಯದೇ ಹುಬ್ಬು, ಗೌರಿಯದೇ ಗದ್ದ, ಆದರೆ ಕದ ಹಾಕಿದ ಮನೆಯಂಥ ಮುಖ. ಆ ಕದ ಒಮ್ಮೆ ತೆರೆದರೆ ಒಳಗೆ ಗೌರಿ ಕಂಡಾಳು, ಕಂಡ ಕೂಡಲೇ ಫೋಟೋ ತೆಗೆದುಬಿಡಬೇಕು ಎಂಬುದು ನನ್ನ ಯೋಜನೆ. ಯೋಜನೆ ಚೆನ್ನಾಗಿತ್ತು. ನನ್ನ ಯೋಜನೆಗಳು ಯಾವಾಗಲೂ ಚೆನ್ನಾಗಿಯೇ ಇರುತ್ತವೆ.

ಫೋನಿನಲ್ಲಿ ಪಾಠ ಹೇಳುವ ಒಬ್ಬ ಮೇಷ್ಟ್ರನ್ನು ಹಿಡಿದೆ. ದೀಪ ಹಚ್ಚಬೇಡಿ, ಮನೆಯೊಳಗೆ ತಾನಾಗಿ ಬರುವ ಬೆಳಕೇ ಸಾಕು ಎಂದರು. ನಗಿರಿ ಎನ್ನಬೇಡಿ, ಮುಖ ತಾನಾಗಿ ಮಾತಾಡುವವರೆಗೆ ಕಾಯಿರಿ ಎಂದರು. ನಮ್ಮದು ಹಳೆಯ ಮಣ್ಣಿನ ಮಾಳಿಗೆ ಮನೆ. ನಡುಮನೆಗೆ ಕಿಟಕಿಯಿಲ್ಲ. ಮಾಳಿಗೆಯಲ್ಲಿ ಗಡಿಗೆಯ ಬಾಯಿಯಷ್ಟು ಅಗಲದ ಒಂದು ಬೆಳಕಿಂಡಿ ಇದೆ. ಬೆಳಿಗ್ಗೆ ಏಳೂವರೆಯ ಹೊತ್ತಿಗೆ ಅಲ್ಲಿಂದ ಬಿಸಿಲಿನ ಕಂಬವೊಂದು ಇಳಿದು ಗೋಡೆಗೆ ಬೀಳುತ್ತದೆ. ಹೊತ್ತು ಏರಿದಂತೆ ಅದು ಗೋಡೆಯಿಂದ ಇಳಿದು, ಯಾರೋ ಸದ್ದಿಲ್ಲದೆ ನಡೆದ ಹಾಗೆ ನೆಲದ ಮೇಲೆ ಸರಿಯುತ್ತದೆ. ಗೌರಿ ಜೋಳ ಹಸನು ಮಾಡಲು ಕೂಡುತ್ತಿದ್ದುದು ಅದೇ ಗೋಡೆಯ ಬುಡದಲ್ಲಿ.

ಮೊದಲು ಕೈ ಪಳಗಲಿ ಎಂದು ಓಣಿಯ ಮಂದಿಯನ್ನು ತಂದು ಆ ಬೆಳಕಿನಲ್ಲಿ ಕೂಡ್ರಿಸಿದೆ. ಮೊದಲು ಸಿಕ್ಕವನು ಪಕ್ಕದ ಕಿರಾಣಿ ಅಂಗಡಿಯ ಈರಣ್ಣ.

"ಏನ್ ಮಾಡ್ಲಿ?" ಎಂದ.

"ಏನೂ ಮಾಡಬ್ಯಾಡ. ಇದ್ದಂಗ ಇರು."

"ಇದ್ದಂಗ ಅಂದ್ರ ಹೆಂಗೋ ಮಾರಾಯಾ? ಹೇಳಿದ್ರ ಹಂಗ ಇರತೇನಿ."

ಅವನು ಪೊಲೀಸ್ ಠಾಣೆಯಲ್ಲಿ ಕುಳಿತವನಂತೆ ಕುಳಿತ. ಅರ್ಧ ಮುಖಕ್ಕೆ ನೆರಳು ಬಿತ್ತು. ನೆರಳಿದ್ದ ಕಡೆಗೆ ಏನಾದರೂ ಹಿಡಿದು ಬೆಳಕು ತಿರುಗಿಸಬೇಕೆಂದು ಮೇಷ್ಟ್ರು ಹೇಳಿದ್ದರು. ಕಾರ್ಖಾನೆಯಿಂದ ಕನ್ನಡಿಯಂತೆ ಹೊಳೆಯುವ ಗ್ರಾನೈಟ್ ತುಂಡು ತಂದೆ. ಅದು ಬೆಳಕು ತಿರುಗಿಸುವ ಮೊದಲೇ ನನ್ನ ಕಾಲ ಹೆಬ್ಬೆರಳ ಮೇಲೆ ಬಿತ್ತು. ಮರುದಿನ ಹಿಟ್ಟು ನಾದುವ ಸ್ಟೀಲ್ ಪರಾತ ಹಿಡಿದೆ. ಅದರ ಝಳಪು ಈರಣ್ಣನ ಕಣ್ಣಿಗೆ ಹೊಡೆದು, ಅವನು ಮಧ್ಯಾಹ್ನದವರೆಗೆ ಸಕ್ಕರೆ ಕೇಳಿದವರಿಗೆ ಉಪ್ಪು ಕಟ್ಟಿಕೊಟ್ಟ.

ಆದರೂ ಫೋಟೋ ಬರತೊಡಗಿದವು. ಬಂದ ಮೇಲೆ ಒಂದು ವಿಚಿತ್ರ ಕಾಣತೊಡಗಿತು. ಆ ಗೋಡೆಗೆ ಕುಳಿತವರೆಲ್ಲ, ಕಾದು ಕಾದು ಬೇಸತ್ತು ಸುಮ್ಮನಾದ ಮೇಲೆ, ತಲೆಯನ್ನು ಎಡಕ್ಕೆ ಒಂದಿಷ್ಟು ವಾಲಿಸುತ್ತಿದ್ದರು. ಈರಣ್ಣನೂ ಹಾಗೆ, ಹಾಲು ಹಾಕುವವಳೂ ಹಾಗೆ, ಎದುರು ಮನೆಯ ನೇಕಾರ ಮುದುಕನೂ ಹಾಗೆ. ಎಡಕ್ಕೆ ನಮ್ಮ ಅಡಿಗೆಮನೆ. ಒಳಗಿನಿಂದ ಯಾರೋ ಏನೋ ಕೇಳಿದ ಹಾಗೆ, ಅದಕ್ಕೆ ಇವರು ಕಿವಿ ಕೊಟ್ಟ ಹಾಗೆ. ನಾನು ಅದನ್ನು ನನ್ನ ಶೈಲಿ ಎಂದುಕೊಂಡೆ. ಈರಣ್ಣ ಒಂದೊಂದಾಗಿ ಎಲ್ಲ ಫೋಟೋ ನೋಡಿದ.

"ಇದ್ರಾಗ ಎಲ್ಲಾರೂ ಯಾರ ಮಾತ ಕೇಳಾಕತ್ತಾರೋ?"

"ಯಾರದೂ ಇಲ್ಲ."

"ಇಲ್ಲಂದ್ರ ಆತು ಬಿಡು" ಎಂದವನು ಅಂದಿನಿಂದ ನಮ್ಮ ಹೊಸ್ತಿಲು ದಾಟಲಿಲ್ಲ. ಏನಿದ್ದರೂ ಕಟ್ಟೆಯ ಮೇಲಿನಿಂದಲೇ ಕೂಗಿ ಹೇಳುತ್ತಿದ್ದ.

ಅತ್ತೆ ಮಾತ್ರ ಕೈಗೆ ಸಿಗಲಿಲ್ಲ.

"ನನ್ನ ಫೋಟೋ ಯಾಕ? ನಾ ಇನ್ನೂ ಇದ್ದೇನಲ್ಲ."

"ಇದ್ದಾಗ ತಗೀಬೇಕು ಅತ್ತಿ."

"ಇದ್ದಾಗ ನನ್ನ ನೋಡು, ಹೋದ ಮ್ಯಾಲ ಫೋಟೋ ನೋಡು. ಎರಡೂ ಒಮ್ಮೆ ಯಾಕ ಬೇಕು ನಿನಗ?"

ಮುಖ ತಾನಾಗಿ ಮಾತಾಡುವವರೆಗೆ ಕಾಯಿರಿ ಎಂದಿದ್ದರು ಮೇಷ್ಟ್ರು. ನಾನು ಕಾದೆ. ಒಂದು ವರ್ಷ ಕಾದೆ.

ಒಂದು ಸೋಮವಾರ ಅತ್ತೆ ಎಂದಿನಂತೆ ಸ್ನಾನ ಮಾಡಿ, ಹಣೆಗೆ ಮೂರು ಬೆರಳ ವಿಭೂತಿ ಎಳೆದು, ಗೋಡೆಗೆ ಬೆನ್ನು ಕೊಟ್ಟು, ಎಡ ಅಂಗೈಯಲ್ಲಿ ಲಿಂಗವಿಟ್ಟುಕೊಂಡು ಪೂಜೆಗೆ ಕುಳಿತಳು. ನಾನು ಕೆಲಸಕ್ಕೆ ಹೊರಟು ಬಾಗಿಲಲ್ಲಿ ನಿಂತಿದ್ದೆ. ಪೂಜೆ ಮುಗಿಯುವ ಹೊತ್ತಾದರೂ ಆಕೆ ಕಣ್ಣು ತೆರೆಯಲಿಲ್ಲ. ಬಿಸಿಲಿನ ಕಂಬ ಬಂದು ಹಣೆಯ ಮೇಲೆ ನಿಂತಿತು. ಆಕೆಯ ತಲೆ ನಿಧಾನವಾಗಿ ಎಡಕ್ಕೆ ವಾಲಿತು. ತುಟಿ ಸಡಿಲಾಯಿತು, ಹುಬ್ಬು ಇಳಿಯಿತು, ಕದ ತೆರೆಯಿತು. ನನ್ನ ಎದುರಿಗೆ ಗೌರಿ ಕುಳಿತಿದ್ದಳು. ದಣಿದು ಕುಳಿತಲ್ಲೇ ಕಣ್ಣು ಮುಚ್ಚಿದಾಗ ಇರುತ್ತಿದ್ದ ಗೌರಿ.

ಕೈ ನಡುಗದಂತೆ ಉಸಿರು ಹಿಡಿದು ಏಳು ಫೋಟೋ ತೆಗೆದೆ. ಬಿಸಿಲಿನಲ್ಲಿ ಧೂಳಿನ ಕಣಗಳು ಆಡುತ್ತಿದ್ದವು. ಆಕೆಯ ಮೂಗಿನ ಮುಂದೆ ಮಾತ್ರ ಅವು ಅಲುಗದೆ ನಿಂತಂತಿದ್ದವು. ಆಹಾ, ಬೆಳಕು ಎಷ್ಟು ಸ್ಥಿರವಾಗಿದೆ ಎಂದುಕೊಂಡೆನೇ ಹೊರತು ಬೇರೇನೂ ನನಗೆ ಹೊಳೆಯಲಿಲ್ಲ. ಎಚ್ಚರವಾದೀತೆಂದು ಮೆಲ್ಲಗೆ ಬಾಗಿಲು ಎಳೆದುಕೊಂಡು ಕಾರ್ಖಾನೆಗೆ ಹೋದೆ.

ದಾರಿಯಲ್ಲಿ ಚಹಾ ಕುಡಿಯುತ್ತ ಕಲಾಕೃತಿಗೆ ಅಂತಿಮ ರೂಪ ಕೊಟ್ಟೆ. ಬಣ್ಣವಿದ್ದರೆ ನೋಡುವವರ ಗಮನ ಚದುರುತ್ತದೆಂದು ಮೇಷ್ಟ್ರು ಹೇಳಿದ್ದರಿಂದ ಕಪ್ಪುಬಿಳುಪು ಮಾಡಿದೆ. ಕೆಳಗೆ 'ನಮ್ಮ ಅತ್ತಿ ನೀಲವ್ವ' ಎಂದು ಬರೆದು, ವಾಟ್ಸ್ಆ್ಯಪ್ ಸ್ಟೇಟಸ್ಸಿಗೆ ಹಾಕಿದೆ. ಹತ್ತು ನಿಮಿಷದಲ್ಲಿ ಕೈಮುಗಿದ ಚಿತ್ರಗಳು ಬರತೊಡಗಿದವು. ನನ್ನ ಕಲೆಗೆ ಇಷ್ಟು ಮಂದಿ ಕೈಮುಗಿಯುತ್ತಾರೆಂದು ನಾನು ಎಣಿಸಿರಲಿಲ್ಲ. ಬಾದಾಮಿಯ ಸಂಬಂಧಿಕರೊಬ್ಬರು "ಯಾವಾಗ?" ಎಂದು ಕೇಳಿದರು. "ಇವತ್ತ ಮುಂಜಾನಿ ಏಳೂವರಿಗೆ" ಎಂದು ಬರೆದೆ. "ಏನರ ತ್ರಾಸ ಆತೇನು?" ಎಂದರು. "ಏನೂ ಇಲ್ಲ. ಕುಂತಲ್ಲೇ ಆತು, ಅಕಿಗೆ ಗೊತ್ತ ಆಗಲಿಲ್ಲ" ಎಂದೆ. ಕಲೆಯ ಬಗ್ಗೆ ಇಷ್ಟು ವಿವರವಾಗಿ ಕೇಳುವವರು ನಮ್ಮ ಬಳಗದಲ್ಲೂ ಇದ್ದಾರಲ್ಲ ಎಂದು ಹೆಮ್ಮೆಪಟ್ಟು, ಫೋನಿನ ಸದ್ದು ಬಂದ್ ಮಾಡಿ, ಮೇಜಿನ ಖಾನೆಯಲ್ಲಿಟ್ಟು ಕೆಲಸಕ್ಕೆ ಕುಳಿತೆ.

ಹನ್ನೊಂದರ ಸುಮಾರಿಗೆ ಮಾಲೀಕರು ಬಂದು ನನ್ನ ಮುಂದೆ ನಿಂತರು.

"ಮಾಂತೇಶ, ನೀ ಇಲ್ಲೇನ್ ಮಾಡಾಕತ್ತೀಯೋ?"

"ಹಾಸಿನ ಅಳತಿ ಬರಿಯಾಕತ್ತೇನ್ರಿ."

"ಮನ್ಯಾಗ ಹಂತಾದ್ದ ಆಗೇತಿ, ಅಳತಿ ಬರೀತಿಯೇನು?"

"ಹಂತಾದ್ದ ಅಂದ್ರ ಏನ್ರಿ?"

ಅವರು ತಮ್ಮ ಫೋನು ನನ್ನ ಮುಂದೆ ಹಿಡಿದರು. ನನ್ನದೇ ಫೋಟೋ. ಬೇರೆಯವರ ಕೈಯಲ್ಲಿ ಅದನ್ನು ನೋಡಿದ್ದು ಅದೇ ಮೊದಲು. ವಿಭೂತಿ, ಅಂಗೈಯಲ್ಲಿ ಲಿಂಗ, ಬೆನ್ನಿಗೆ ಗೋಡೆ, ಮುಚ್ಚಿದ ಕಣ್ಣು, ವಾಲಿದ ತಲೆ, ಕಪ್ಪುಬಿಳುಪು. ನಮ್ಮ ಕಡೆಯ ಹೆಚ್ಚು ಕಡಿಮೆ ಪ್ರತಿ ಮನೆಯ ಪೆಟ್ಟಿಗೆಯಲ್ಲೂ ಇಂಥ ಒಂದು ಫೋಟೋ ಇರುತ್ತದೆ. ಯಾವುದರಲ್ಲೂ ಕುಳಿತವರು ಆಮೇಲೆ ಎದ್ದಿಲ್ಲ.

"ಇಲ್ರಿ, ಅತ್ತಿ ಅರಾಮ ಅದಾಳ್ರಿ" ಎಂದೆ.

"ನೀ ಬರೂಮುಂದ ಮಾತಾಡಿದ್ಲೇನು?"

"ಇಲ್ರಿ."

"ಕಣ್ಣರ ತಗದಿದ್ಲೇನು?"

"ಇಲ್ರಿ."

"ಮತ್ತ?"

ಆ 'ಮತ್ತ'ಕ್ಕೆ ಬರೆಯುವ ಪೆನ್ನು ಕೆಳಗಿಟ್ಟೆ. ಅಲುಗದೆ ನಿಂತಿದ್ದ ಧೂಳು ನೆನಪಾಯಿತು. ಖಾನೆಯಿಂದ ಫೋನು ತೆಗೆದೆ. ಈರಣ್ಣನ ಹದಿನಾಲ್ಕು ಕರೆಗಳಿದ್ದವು. ಒಂದು ಟಂಟಂ ಆಟೋ ಹಿಡಿದು ಕುಳಿತೆ. ಊರಿನ ಎಲ್ಲರ ಉಸಿರಾಟ ಆ ಹೊತ್ತು ನನಗೆ ಕೇಳುತ್ತಿತ್ತು, ಬೆಳಗಿನ ಅತ್ತೆಯ ಉಸಿರೊಂದನ್ನು ಬಿಟ್ಟು. ಹೆಂಡತಿಯನ್ನು ಕೊನೆಗಾಲಕ್ಕೆ ನೋಡಲಾಗಲಿಲ್ಲ. ಆಕೆಯ ತಾಯಿಯನ್ನು ನೋಡಿದೆ, ಏಳು ಸಲ ಫೋಟೋ ತೆಗೆದೆ, ಬಾಗಿಲು ಎಳೆದುಕೊಂಡು ಬಂದೆ!

ಮನೆ ಮುಂದೆ ಚಪ್ಪಲಿಗಳ ರಾಶಿ. ಹುನಗುಂದ, ಅಮೀನಗಡ, ಬಾದಾಮಿಯಿಂದಲೂ ಮಂದಿ ಬಂದಿದ್ದರು. ಈರಣ್ಣ ಕಟ್ಟೆಯ ಮೇಲೆ ನಿಂತು ಉಸ್ತುವಾರಿ ಮಾಡುತ್ತಿದ್ದ. ನನ್ನ ಹೆಗಲ ಮೇಲೆ ಕೈಯಿಟ್ಟ.

"ಗಟ್ಟಿಯಾಗು. ಹಾರ ಬಂದಾವು. ಭಜನಿಯವ್ರು ಬರಾಕತ್ತಾರ. ಕುಣಿ ತೋಡಾಕ ಮಂದಿ ಕಳಸೇನಿ."

"ಒಳಗ ಹೋಗಿ ನೋಡಿಯೇನು ಈರಣ್ಣಾ?"

"ನಿಮ್ಮ ಮನ್ಯಾಗ ನಾ ಕಾಲಿಡೂದಿಲ್ಲಂತ ನಿನಗ ಗೊತ್ತಿಲ್ಲೇನು? ಬಂದವ್ರು ನೋಡ್ಯಾರ. ಕುಂಡ್ರಿಸಿ ಇಟ್ಟೀಯಲ್ಲ, ಛಲೋ ಕುಂಡ್ರಿಸೀಯಂತ."

ಒಳಗಿನಿಂದ ಗಂಗವ್ವನ ದನಿ ಕೇಳಿತು. ಗಂಗವ್ವ ಅತ್ತೆಯ ನೆಗೆಣ್ಣಿ, ಅಂದರೆ ಮೈದುನನ ಹೆಂಡತಿ. ಹುನಗುಂದದವಳು. ರೊಟ್ಟಿ ಹಂಚಿನ ಸಲುವಾಗಿ ಇಬ್ಬರಿಗೂ ಹನ್ನೊಂದು ವರ್ಷದಿಂದ ಮಾತಿರಲಿಲ್ಲ. ಆದರೆ ಹಾಡಿಕೊಂಡು ಅಳುವುದರಲ್ಲಿ ಆಕೆಯನ್ನು ಮೀರಿಸುವವರು ನಮ್ಮ ಬಳಗದಲ್ಲಿ ಇರಲಿಲ್ಲ. ಆಕೆ ಅತ್ತರೆ ಸತ್ತವರ ವೈರಿಗಳೂ ಮೂಗು ಒರೆಸಿಕೊಳ್ಳುತ್ತಿದ್ದರು.

ಬಿಸಿಲಿನಿಂದ ಒಳಗೆ ಹೋದವನಿಗೆ ಮೊದಲು ಏನೂ ಕಾಣಲಿಲ್ಲ. ಬಿಸಿಲಿನ ಕಂಬ ಗೋಡೆ ಬಿಟ್ಟು ನಡುಮನೆಯ ನಡುವೆ ಬಂದು ನಿಂತಿತ್ತು. ಅದರಾಚೆ ಕತ್ತಲು. ಕತ್ತಲಲ್ಲಿ ಗೋಡೆಗೆ ಆನಿಸಿದ ಆಕಾರ, ಹಣೆಯ ಮೇಲೆ ಮೂರು ಬಿಳಿ ಗೆರೆ, ಕೊರಳಲ್ಲಿ ಎರಡು ಹಾರ. ಸುತ್ತ ಹೆಂಗಸರು. ನಾನು ಬಾಗಿಲ ಹತ್ತಿರವೇ ಕುಳಿತೆ.

"ಹಸದು ಬಂದರ ನನಗ ಬಿಸಿರೊಟ್ಟಿ ಬಡದೆಲ್ಲಾ, ಯಕ್ಕಾ..." ಗಂಗವ್ವ ಎದೆ ಬಡಿದುಕೊಂಡು ಎಳೆದಳು. "ಉಡಿ ತುಂಬಿ ಕಳಸಿದೆಲ್ಲಾ, ಯಕ್ಕಾ... ಒಂದ ಎದರ ಮಾತ ಆಡಲಿಲ್ಲಲ್ಲಾ, ನನ್ನ ಯಕ್ಕಾ..."

ಆಗ ಅತ್ತೆಯ ಬಲಗೈ ತೊಡೆಯ ಮೇಲಿನಿಂದ ಎದ್ದಿತು. ನಿಧಾನವಾಗಿ ಮೇಲೆ ಬಂದು, ಗದ್ದಕ್ಕೆ ಚುಚ್ಚುತ್ತಿದ್ದ ಹಾರವನ್ನು ಒಂದು ಬೆರಳಿನಿಂದ ಕೆಳಗೆ ಸರಿಸಿ, ಮತ್ತೆ ತೊಡೆಯ ಮೇಲೆ ಇಳಿಯಿತು. ನೋಡಿದವನು ನಾನೊಬ್ಬನೇ. ಕೂಗಲು ಬಾಯಿ ತೆರೆದೆ.

"ಗಂಗೀ" ಎಂದಿತು ಗೋಡೆಯ ಕಡೆಯ ಕತ್ತಲು. "ಎದರ ಮಾತ ನಾ ಭಾಳ ಆಡೇನಿ. ಸುಳ್ಳ ಹಾಡಬ್ಯಾಡ."

ಆಮೇಲೆ ಎಲ್ಲವೂ ಒಟ್ಟಿಗೇ ಆಯಿತು. ಮುಂದಿದ್ದವರು ಹಿಂದಿದ್ದವರ ಮೇಲೆ ಬಿದ್ದರು. ಆಗಷ್ಟೇ ಒಳಗೆ ಕಾಲಿಡುತ್ತಿದ್ದ ಹಾರ್ಮೋನಿಯಂನವರು ಪೆಟ್ಟಿಗೆಯ ಸಮೇತ ಬಾಗಿಲಲ್ಲಿ ಸಿಕ್ಕಿಕೊಂಡರು. ಅವರ ಮೇಲೆ ಹಾದುಹೋದವರ ಮೊಣಕಾಲಿಗೆಲ್ಲ ಅದು ಒಂದೊಂದು ಸ್ವರ ನುಡಿಯಿತು. ಗಂಗವ್ವ ಮಾತ್ರ ಕುಳಿತಲ್ಲೇ ಇದ್ದಳು. ಬಾಯಿ 'ಯಕ್ಕಾ' ಎಂದಲ್ಲಿಗೇ ನಿಂತಿತ್ತು.

"ನೀ ಸತ್ತಿಲ್ಲೇನು?" ಎಂದಳು ಕೊನೆಗೆ.

"ಇನ್ನೂ ಇಲ್ಲ."

"ಮತ್ತ ಹಿಂಗ ಯಾಕ ಕುಂತಿ?"

"ಪೂಜಿ ಮುಗಿಸಿ ರೊಟ್ಟಿ ತಿಂದು ಮತ್ತ ಇಲ್ಲೇ ಕುಂತಿದ್ದೆ, ಜೋಂಪ ಹತ್ತಿತ್ತು. ಕೊರಳಾಗ ಹಾರ ಬಿದ್ದಾಗ ಎಚ್ಚರಾತು. ನೋಡಿದ್ರ ನೀ ಬಂದಿದ್ದಿ. ಹನ್ನೊಂದ ವರ್ಷದ ಮ್ಯಾಲ ನನಗ ಯಕ್ಕಾ ಅಂದಿ. ಏನೇನ ಅಂತಿ ಕೇಳೂಣಂತ ಸುಮ್ಮನ ಕುಂತೆ."

"ಹಂಚ ನನ್ನ ಕಡೇನ ಐತಿ" ಎಂದಳು ಗಂಗವ್ವ, ಹೆದರಿಕೆಗೋ ಏನೋ.

"ಗೊತ್ತೈತಿ."

ಓಡಿಹೋದವರು ಒಬ್ಬೊಬ್ಬರಾಗಿ ಬಾಗಿಲಿಗೆ ಬಂದು ಇಣುಕಿದರು. ಸತ್ತಿದ್ದಾಳೆಂದು ಹೇಳಿದವರು ಯಾರು ಎಂಬ ವಿಚಾರಣೆ ಶುರುವಾಯಿತು. ಎಲ್ಲರೂ ಫೋನು ತೆಗೆದು ನನ್ನ ಕಡೆ ತೋರಿಸಿದರು. ನಾನು ಎದ್ದು ನಿಂತು, ಇದು ಸಾವಿನ ಸುದ್ದಿಯಲ್ಲ, ಸಹಜ ಬೆಳಕಿನಲ್ಲಿ ತೆಗೆದ ಭಾವಪೂರ್ಣ ಭಾವಚಿತ್ರ ಎಂದು ವಿವರಿಸಿದೆ. ಬಾದಾಮಿಯಿಂದ ನೂರು ಸಲ ಕುಲುಕಿಸಿಕೊಂಡು ಬಂದವರಿಗೆ ಈ ವಿವರಣೆ ಸಾಲಲಿಲ್ಲ.

ಅಷ್ಟರಲ್ಲಿ ಈರಣ್ಣ ಹೊಸ್ತಿಲ ಹೊರಗಿನಿಂದ ಕುತ್ತಿಗೆ ಚಾಚಿದ.

"ಕುಣಿ ತೋಡಿ ಆಗೇತಂತ. ತೋಡಿದ್ದ ಕುಣಿ ಬರೇ ಮುಚ್ಚಾಕ ಬರೂದಿಲ್ಲ ಅನ್ನಾಕತ್ತಾರ. ಏನ್ ಮಾಡೂದು?"

ಎಲ್ಲರೂ ಅತ್ತೆಯ ಕಡೆ ನೋಡಿದರು. ಯಾರ ಮನಸ್ಸಿನಲ್ಲೂ ಕೆಟ್ಟದ್ದಿರಲಿಲ್ಲ. ಸುಮ್ಮನೆ ನೋಡಿದರು.

ಅತ್ತೆ ನನ್ನ ಕಡೆ ಕೈ ಚಾಚಿದಳು. "ಆ ಫೋಟೋ ತಾ ಇಲ್ಲೆ."

ಕೊಟ್ಟೆ. ಫೋನನ್ನು ದೂರ ಹಿಡಿದು, ಹತ್ತಿರ ಹಿಡಿದು, ಮತ್ತೆ ದೂರ ಹಿಡಿದು ನೋಡಿದಳು. ಬೈಗುಳಕ್ಕೆ ಸಿದ್ಧನಾಗಿ ನಿಂತೆ.

"ಇದು ನಾ ಅಲ್ಲ" ಎಂದಳು. "ಇದು ಗೌರಿ."

ಬಾಗಿಲಲ್ಲಿ ಇಣುಕುತ್ತಿದ್ದವರು ಒಂದೊಂದು ಹೆಜ್ಜೆ ಒಳಗೆ ಬಂದರು.

"ಅಕೀನ ಹಿಂಗ ಕುಂಡ್ರಸಬೇಕಿತ್ತು" ಎಂದಳು ಅತ್ತೆ. ಕೊರಳಿನಿಂದ ಎರಡೂ ಹಾರ ತೆಗೆದಳು. ಕುಳಿತಿದ್ದ ಜಾಗದಿಂದ ಒಂದು ಮಾರು ಸರಿದು, ಖಾಲಿಯಾದ ಜಾಗದಲ್ಲಿ, ಗೋಡೆಗೆ ಆನಿಸಿ ಹಾರಗಳನ್ನಿಟ್ಟಳು. "ನನ್ನ ಮಗಳ ಸಲುವಾಗಿ ಯಾರೂ ಬಂದಿದ್ದಿಲ್ಲ. ಬರಾಕ ಆಗಲಿಲ್ಲ ನಿಮಗ, ನನಗ ಗೊತ್ತೈತಿ. ಇವತ್ತ ಹೆಂಗೂ ಬಂದೀರಿ, ಅಳಾಕಂತ ಬಂದೀರಿ. ಕುಂದರ್ರಿ. ಅಕಿ ಸಲುವಾಗಿ ಅಳ್ರಿ. ಆಮ್ಯಾಲ ಈ ಹಾರ ಒಯ್ದು ಕುಣಿಯಾಗ ಕುಂಡ್ರಿಸಿ ಮುಚ್ರಿ."

ಹೆಂಗಸರು ಬಂದು ಕುಳಿತರು. ಖಾಲಿ ಜಾಗದ ಸುತ್ತ, ಅಲ್ಲಿ ಯಾರೋ ಇದ್ದಾರೆಂಬಷ್ಟು ಅಂತರ ಬಿಟ್ಟು. ಈರಣ್ಣ ಚಪ್ಪಲಿ ಬಿಟ್ಟು ಒಳಗೆ ಬಂದು ಮೂಲೆಯಲ್ಲಿ ನಿಂತ. ಗಂಗವ್ವ ಸೆರಗು ತಲೆಯ ಮೇಲೆ ಎಳೆದುಕೊಂಡು, ಈ ಸಲ ಎದೆ ಬಡಿದುಕೊಳ್ಳದೆ, ತಗ್ಗಿದ ದನಿಯಲ್ಲಿ ಎತ್ತಿಕೊಂಡಳು.

"ತಲಿ ಹಿಕ್ಕವರಿಲ್ಲದಂಗ ಹೋದೆಲ್ಲಾ, ಗೌರವ್ವಾ... ಹಣಿ ತೊಳಿಯವರಿಲ್ಲದಂಗ ಹೋದೆಲ್ಲಾ, ಗೌರವ್ವಾ... ಅಮೀನಗಡದ ಕರದಂಟ ಕಟ್ಟಿಸಿಕೊಂಡು ಬರತಿದ್ದೆಲ್ಲಾ, ಹಂಚಿನ ಮಾತ ಮರೀ ಚಿಗವ್ವಾ ಅಂತಿದ್ದೆಲ್ಲಾ, ನನ್ನ ಮಗಳಾ..."

ಗೌರಿ ಹೀಗೆ ಕರದಂಟು ಹೊತ್ತು ಹುನಗುಂದಕ್ಕೆ ಹೋಗಿ ರಾಜಿ ಮಾಡಿಸಲು ನೋಡಿದ್ದಳೆಂದು ನನಗೆ ಗೊತ್ತಿರಲಿಲ್ಲ. ಅತ್ತೆಗೂ ಗೊತ್ತಿರಲಿಲ್ಲ. ಆಕೆ ಗಂಗವ್ವನ ಮುಖವನ್ನೇ ನೋಡುತ್ತಿದ್ದಳು. ಆಮೇಲೆ ಆಕೆಯ ಗಂಟಲಿನಿಂದ ಒಂದು ಸದ್ದು ಬಂತು. ಬಹಳ ದಿನ ತೆಗೆಯದ ಕದ ಕಿರುಗುಟ್ಟಿದಂಥ ಸದ್ದು. ಅತ್ತೆ ಅತ್ತಳು. ನಾಲ್ಕು ವರ್ಷದ್ದನ್ನು ಅತ್ತಳು. ಗೌರಿಯನ್ನು ಎಂದೂ ನೋಡಿರದ ಹಾಲಿನವಳೂ ಅತ್ತಳು.

ಸ್ವಲ್ಪ ಹೊತ್ತಿನ ಮೇಲೆ ಗಂಗವ್ವ ನನ್ನ ಕಡೆ ತಿರುಗಿದಳು. "ಏನೋ ಮಾಂತ್ಯಾ, ನಿನ್ನ ಅತ್ತಿ ಮುಖ ಈಗ ನೋಡು. ಈಗ ತಗಿ ನಿನ್ನ ಫೋಟೋ."

ಮುಖ ತಾನಾಗಿ ತೆರೆದಿತ್ತು. ಎರಡು ಮಾರು ದೂರದಲ್ಲಿ, ಬಿಸಿಲಿನ ಕಂಬದ ಅಂಚಿನಲ್ಲಿ, ಅತ್ತೆಯ ಮುಖದೊಳಗೆ ಗೌರಿ ಪೂರ್ತಿ ಇದ್ದಳು. ಫೋನು ಎತ್ತಿದೆ. ಪರದೆಯಲ್ಲಿ ಎಲ್ಲ ಮಂಜು. ಎಡಕ್ಕೆ ಸರಿದೆ, ಮಂಜು. ಬಲಕ್ಕೆ ಸರಿದೆ, ಮಂಜು. ಅಂಗಿಯ ಚುಂಗಿನಿಂದ ಫೋನಿನ ಗಾಜು ಒರೆಸಿದೆ. ಮತ್ತೆ ಒರೆಸಿದೆ. ಮೇಷ್ಟ್ರು ಇಂಥ ಮಂಜಿನ ಬಗ್ಗೆ ಏನು ಹೇಳಿದ್ದರೆಂದು ನೆನಪು ಮಾಡಿಕೊಳ್ಳುತ್ತ ಮೂರನೆಯ ಸಲ ಒರೆಸುತ್ತಿದ್ದಾಗ ಅತ್ತೆ ಅಳು ನಿಲ್ಲಿಸಿ ನನ್ನನ್ನು ನೋಡಿದಳು.

"ಗಾಜ ಅಲ್ಲೋ" ಎಂದಳು. "ಕಣ್ಣ ಒರಸ್ಕೋ. ಮೂಗನೂ."

ಎರಡನ್ನೂ ಒರೆಸಿಕೊಂಡು ಗುಂಡಿ ಒತ್ತಿದೆ. ಅಷ್ಟರಲ್ಲಿ ಅತ್ತೆ ಬಂದವರಿಗೆ ಚಹಾ ಇಡಲು ಎದ್ದು ಹೋಗಿದ್ದಳು. ಬಂದದ್ದು ಗಂಗವ್ವನ ಮೊಣಕೈ. ಅದೂ ಅಲುಗಿದೆ.